ಏಕಕಾಲದ ಅನೇಕ ಕಾರ್ಯಗಳು: ಮಿತಿ ಮತ್ತು ವೇಗದ ವಿಚಾರ

ಪೀಠಿಕೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ರೇಷ್ಮೆ ಬೆಳೆಗಾರರು ಚಂದ್ರಿಕೆಗೆ ಹಣ್ಣಾದ ಹುಳುಗಳನ್ನು ಬಿಡುವಾಗ ಅಳತೆಯನ್ನು ಮೀರುವುದಿಲ್ಲ. ಹುಳುಗಳು ದಟ್ಟವಾದರೆ ಎರಡು ಸೇರಿ ಒಂದೇ ಗೂಡು ಕಟ್ಟುತ್ತವೆ. ಅಂಥ ಜೋಡಿಗೂಡಿನ ಎಳೆಯು ಸರಾಗವಾಗಿ ಬಿಚ್ಚದು. ಅನೇಕ ಜೀವಿಗಳು ಏಕಕಾಲಕ್ಕೆ ದುಡಿಯುವೆಡೆಯಲ್ಲಿ ಮಿತಿಯೇ ಫಸಲನ್ನು ಕಾಯುತ್ತದೆ. ಗಣಕಯಂತ್ರದೊಳಗೆ ಲಕ್ಷಾಂತರ ಕಾರ್ಯಗಳನ್ನು ಒಟ್ಟಿಗೆ ನಡೆಸುವ ವ್ಯವಸ್ಥೆಗೂ ಈ ಮಾತು ಅನ್ವಯಿಸುತ್ತದೆ.

ದೂರವಾಣಿಯಿಂದ ಬಂದ ಪಾಠ

1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ಪೋರ್ಟುಗಳ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ಕೇಂದ್ರವು 1986ರಲ್ಲಿ ನಮ್ಮ ನಾಡಿನ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಹವಾನಿಯಂತ್ರಣವಿಲ್ಲದೆಯೇ ಹಳ್ಳಿಯ ಧೂಳು, ಸೆಕೆಗಳ ನಡುವೆ ಅದು ದುಡಿಯಬೇಕಾಗಿತ್ತು. ಊರಿಗೊಂದೇ ಆದ ಅಂಥ ಕೇಂದ್ರವು ಕೆಟ್ಟರೆ ವೈದ್ಯರಿಗೆ ಹೇಳಿಕಳುಹಿಸುವ ದಾರಿಯೇ ಮುಚ್ಚಿದಂತೆ. ಒಬ್ಬರ ಕರೆ ತಪ್ಪಿದರೂ ಉಳಿದವರ ಮಾತು ಕಡಿಯಬಾರದೆಂಬುದು ದೂರವಾಣಿ ಕೇಂದ್ರದ ಮೊದಲ ಧರ್ಮ.

ಅದೇ ಕಾಲದಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್ ಮತ್ತು ಮೈಕ್ ವಿಲಿಯಮ್ಸ್ ಇದೇ ಧರ್ಮವನ್ನು ಪಾಲಿಸುವ ಪ್ರೋಗ್ರಾಂ ಭಾಷೆಯೊಂದನ್ನು ರೂಪಿಸತೊಡಗಿದರು. ಅದೇ ಎರ್ಲಾಂಗ್. 1998ರಲ್ಲಿ ಅದನ್ನು ಎಲ್ಲರ ಬಳಕೆಗೂ ಮುಕ್ತಗೊಳಿಸಲಾಯಿತು. ಆ ಹೆಸರು ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್‌ರನ್ನು (1878–1929) ನೆನಪಿಸುತ್ತದೆ. ಇಷ್ಟು ಕರೆಗಳಿಗೆ ಎಷ್ಟು ತಂತಿಗಳು ಸಾಕು ಎಂಬ ಪ್ರಶ್ನೆಗೆ ಲೆಕ್ಕದ ಉತ್ತರ ಕೊಟ್ಟವರು ಅವರು. ಹೀಗೆ ಮಿತಿಯ ವಿಚಾರವು ಈ ಭಾಷೆಯ ಹೆಸರಿನಲ್ಲಿಯೇ ಅಡಗಿದೆ.

ಪ್ರಕ್ರಿಯೆಗಳು ಮತ್ತು ಅವುಗಳ ಮಿತಿ

ಎರ್ಲಾಂಗ್ ಪ್ರೋಗ್ರಾಂ ಅನ್ನು ನಡೆಸುವ ಒಳವ್ಯವಸ್ಥೆಗೆ ರನ್‌ಟೈಮ್ ಎಂದು ಹೆಸರು. ಅದರಲ್ಲಿ ಪ್ರತಿಯೊಂದು ಕಾರ್ಯವೂ ಒಂದು ಪ್ರತ್ಯೇಕ ಪ್ರಕ್ರಿಯೆ. ಒಂದರ ಸ್ಮೃತಿಯನ್ನು ಮತ್ತೊಂದು ಮುಟ್ಟಲಾರದು. ಸಂದೇಶ ಕಳುಹಿಸಿಯೇ ವ್ಯವಹರಿಸಬೇಕು. ಆದಕಾರಣ ಒಂದು ಪ್ರಕ್ರಿಯೆ ಸತ್ತರೆ ಸಂಬಂಧವಿಲ್ಲದ ಉಳಿದವು ಬದುಕಿರುತ್ತವೆ. ಹೊಸ ಪ್ರಕ್ರಿಯೆಯೊಂದು ಆರಂಭದಲ್ಲಿ ಬೇಡುವ ಸ್ಥಳ ಸುಮಾರು ಎರಡೂವರೆ ಕಿಲೋಬೈಟ್ ಮಾತ್ರ. ಆದುದರಿಂದಲೇ ಒಂದೇ ಯಂತ್ರದಲ್ಲಿ ಲಕ್ಷಗಟ್ಟಲೆ ಪ್ರಕ್ರಿಯೆಗಳಿಗೆ ಎಡೆಯುಂಟು.

ಆದರೂ ಎಲ್ಲೆಯಿದೆ. ಪ್ರಕ್ರಿಯೆಗಳ ಸಹಜ ಮಿತಿಯು ಬಹುಕಾಲ 2,62,144 ಆಗಿತ್ತು; ಬೇಕಾದವರು ರನ್‌ಟೈಮ್ ಆರಂಭಿಸುವಾಗಲೇ ಅದನ್ನು ಹೆಚ್ಚಿಸಿಕೊಳ್ಳಬಹುದು. ಆಟಮ್ ಎಂಬ ಹೆಸರು-ಚಿಹ್ನೆಗಳ ಮಿತಿ 10,48,576. ಇವು ಒಮ್ಮೆ ಹುಟ್ಟಿದರೆ ಅಳಿಯವು. ಪಟ್ಟಿ ತುಂಬಿದೊಡನೆ ಇಡೀ ವ್ಯವಸ್ಥೆಯೇ ನಿಲ್ಲುತ್ತದೆ. ಹೊರಗಿನವರು ಟೈಪು ಮಾಡಿದ ಪದಗಳನ್ನೆಲ್ಲ ಆಟಮ್‌ಗಳನ್ನಾಗಿ ಮಾಡಬಾರದೆಂದು ಬಲ್ಲವರು ಎಚ್ಚರಿಸುವುದು ಈ ಕಾರಣದಿಂದ. ಇದಕ್ಕೆ ವಿರುದ್ಧವಾಗಿ, ಪ್ರಕ್ರಿಯೆಯೊಂದರ ಅಂಚೆಪೆಟ್ಟಿಗೆಗೆ ಸಹಜವಾದ ಮಿತಿಯೇ ಇಲ್ಲ. ಬರುವ ಸಂದೇಶಗಳನ್ನು ಓದಿ ಮುಗಿಸಲಾಗದಿದ್ದರೆ ಅವು ಬೆಳೆಬೆಳೆದು ಯಂತ್ರದ ಸ್ಮೃತಿಯನ್ನೇ ನುಂಗುತ್ತವೆ. ಕಾಣುವ ಮಿತಿಗಿಂತ ಕಾಣದ ಮಿತಿಯೇ ಹೆಚ್ಚು ಅಪಾಯಕಾರಿ.

ಸರದಿಯ ನಿಯಮ

ಪ್ರಸಾದನಿಲಯದ ಪಂಕ್ತಿಯಲ್ಲಿ ಬಡಿಸುವವನು ಪ್ರತಿಯೊಬ್ಬನ ಎಲೆಗೂ ಒಂದಿಷ್ಟು ಹಾಕಿ ಮುಂದೆ ಸಾಗುತ್ತಾನೆ. ರನ್‌ಟೈಮಿನ ಸರದಿಗಾರನೂ ಪ್ರತಿ ಪ್ರಕ್ರಿಯೆಗೆ ಸುಮಾರು 4,000 ಸಣ್ಣ ಹೆಜ್ಜೆಗಳ ಪಾಲು ಕೊಟ್ಟು ಮುಂದಿನದಕ್ಕೆ ತೆರಳುತ್ತಾನೆ. ಎಷ್ಟೇ ದೊಡ್ಡ ಕೆಲಸವಾದರೂ ಒಂದು ಸರದಿಗೆ ಒಂದೇ ಪಾಲು.

ಯಂತ್ರಭಾಷೆಯ ಡ್ರೈವರ್‌ಗಳು

ಕೆಲವು ಕೆಲಸಗಳಿಗೆ ಈ ಏರ್ಪಾಡಿನ ವೇಗ ಸಾಲದು. ಚಿತ್ರವನ್ನು ಕುಗ್ಗಿಸುವುದು, ಗುಪ್ತಲಿಪಿಯ ಲೆಕ್ಕ, ಹೊರಗಿನ ಉಪಕರಣದೊಡನೆ ಸಂವಾದ ಮೊದಲಾದವನ್ನು ಸಿ ಭಾಷೆಯಲ್ಲಿ ಬರೆದು ಯಂತ್ರದ ಸ್ವಂತ ಭಾಷೆಗೆ ಇಳಿಸಿ ಜೋಡಿಸುತ್ತಾರೆ. ಇದಕ್ಕೆ ಮೂರು ಮಾರ್ಗಗಳುಂಟು.

ಮೊದಲನೆಯದು, ಪೋರ್ಟಿನ ಮೂಲಕ ನಡೆಯುವ ಹೊರಗಿನ ಪ್ರೋಗ್ರಾಂ. ಚಾಕಿ ಹುಳುಗಳನ್ನು ಬೇರೆ ಕೋಣೆಯಲ್ಲಿ ಸಾಕಿದಂತೆ ಇದು. ಅದು ಕುಸಿದರೂ ರನ್‌ಟೈಮ್ ಉಳಿಯುತ್ತದೆ. ಆದರೆ ಮಾಹಿತಿಯನ್ನು ಆಚೀಚೆ ಸಾಗಿಸುವ ವೆಚ್ಚವುಂಟು. ಎರಡನೆಯದು, ರನ್‌ಟೈಮಿನೊಳಗೇ ಸೇರಿಕೊಳ್ಳುವ ಡ್ರೈವರ್. ಮೂರನೆಯದು, 2009ರಲ್ಲಿ ಬಂದ ನಿಫ್. ಇಲ್ಲಿ ಸಿ ಭಾಷೆಯ ಕಾರ್ಯವನ್ನು ನೇರವಾಗಿ ಕರೆಯಬಹುದು. ಕಡೆಯ ಎರಡೂ ಬಲು ವೇಗದವು. ಆದರೆ ಇವು ಒಂದೇ ಮನೆಯೊಳಗೆ ಇರುವಂಥವು. ಒಂದು ತಪ್ಪು ವಿಳಾಸವನ್ನು ಮುಟ್ಟಿದರೆ ಸಾಯುವುದು ಒಂದು ಪ್ರಕ್ರಿಯೆಯಲ್ಲ. ಆ ಯಂತ್ರದ ಎಲ್ಲ ಕರೆಗಳೂ ಒಮ್ಮೆಲೇ ಕಡಿಯುತ್ತವೆ.

ಸಾಯದಿದ್ದರೂ ತಡಮಾಡುವ ಅಪಾಯವಿದೆ. ನಿಫ್ ನಡೆಯುತ್ತಿರುವಾಗ ಸರದಿಗಾರನು ಅದನ್ನು ಮಧ್ಯದಲ್ಲಿ ನಿಲ್ಲಿಸಲಾರನು. ಬಡಿಸುವವನನ್ನು ಒಬ್ಬನೇ ಹಿಡಿದು ನಿಲ್ಲಿಸಿದರೆ ಪಂಕ್ತಿಯೆಲ್ಲ ಹಸಿದು ಕೂರಬೇಕಲ್ಲವೆ? ಆದಕಾರಣ ಅಂಥ ಕಾರ್ಯವು ಸುಮಾರು ಒಂದು ಮಿಲಿಸೆಕೆಂಡಿನೊಳಗೆ ಮುಗಿಯಬೇಕೆಂಬ ನಿಯಮವಿದೆ. ದೀರ್ಘ ಕಾರ್ಯಗಳಿಗಾಗಿ ಬೇರೆಯೇ ಸರದಿಗಾರರನ್ನಿರಿಸುವ ಏರ್ಪಾಡು 2017ರ ಇಪ್ಪತ್ತನೆಯ ಆವೃತ್ತಿಯಿಂದ ಸಹಜವಾಗಿ ದೊರೆಯುತ್ತಿದೆ.

ಒಳ್ಳೆಯ ಡ್ರೈವರಿನ ಲಕ್ಷಣಗಳು

ದಕ್ಷ ಡ್ರೈವರ್ ಕಾಯುತ್ತ ಕುಳಿತುಕೊಳ್ಳುವುದಿಲ್ಲ. ಉಪಕರಣ ಸಿದ್ಧವಾದಾಗ ಕರೆಯಿರೆಂದು ತಿಳಿಸಿ ಹಿಂದಿರುಗುತ್ತದೆ. ದೊಡ್ಡ ಮಾಹಿತಿಯನ್ನು ಮತ್ತೆ ಮತ್ತೆ ನಕಲು ಮಾಡುವುದಿಲ್ಲ. 64 ಬೈಟ್‌ಗಿಂತ ದೊಡ್ಡದಾದ ಬೈನರಿಗಳನ್ನು ರನ್‌ಟೈಮ್ ಹೊರಗಿರಿಸಿ ಎಣಿಕೆಯಿಂದ ಹಂಚಿಕೊಳ್ಳುವುದರಿಂದ ಇದು ಸಾಧ್ಯ. ಮೂರನೆಯದಾಗಿ, ತನ್ನ ಸಾಲು ತುಂಬಿದಾಗ ತಾನು ಕೆಲಸದಲ್ಲಿ ಮುಳುಗಿರುವೆನೆಂದು ಸಾರುತ್ತದೆ. ಆಗ ರನ್‌ಟೈಮ್ ಕಳುಹಿಸುವ ಪ್ರಕ್ರಿಯೆಯನ್ನು ತಡೆದು ನಿಲ್ಲಿಸುತ್ತದೆ. ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುವುದು ಡ್ರೈವರಿನ ದೊಡ್ಡ ಗುಣ.

ಉಪಸಂಹಾರ

ಇದರಿಂದ ಒಂದು ಕ್ರಮ ಹೊಮ್ಮುತ್ತದೆ. ಮೊದಲು ಕೆಲಸವನ್ನು ಎರ್ಲಾಂಗ್ ಭಾಷೆಯಲ್ಲಿಯೇ ಬರೆಯಬೇಕು. ನಿಧಾನವೆನಿಸಿದರೆ ಊಹಿಸದೆ ಅಳೆಯಬೇಕು. ಅಳತೆಯೂ ಹಾಗೆಯೇ ಹೇಳಿದರೆ ಹೊರಗಿನ ಪ್ರೋಗ್ರಾಂ ಅನ್ನು ಪ್ರಯತ್ನಿಸಬೇಕು. ಅದೂ ಸಾಲದಾದಾಗ ಮಾತ್ರ, ಚಿಕ್ಕದಾಗಿ, ಚೆನ್ನಾಗಿ ಪರೀಕ್ಷಿಸಿ, ಯಂತ್ರಭಾಷೆಯನ್ನು ಮನೆಯೊಳಗೆ ಕರೆಯಬೇಕು. ವೇಗವನ್ನು ಕೊಳ್ಳುವಾಗ ತೆರುವ ಬೆಲೆ ರಕ್ಷಣೆ. ಗಣಕವಿಜ್ಞಾನವನ್ನು ಬೋಧಿಸುವ ಅಧ್ಯಾಪಕರು ವೇಗದ ಲೆಕ್ಕದೊಡನೆ ಈ ಬೆಲೆಯ ಲೆಕ್ಕವನ್ನೂ ವಿದ್ಯಾರ್ಥಿಗಳಿಂದ ಮಾಡಿಸಿದರೆ, ನಾಳೆ ಅವರು ಕಟ್ಟುವ ವ್ಯವಸ್ಥೆಯನ್ನು ನೆಚ್ಚಿದವರ ಕರೆಯು ಬೇಕಾದ ಹೊತ್ತಿಗೆ ತಲುಪುತ್ತದೆ.