ಸೋಲಾರ್ ಪಾರ್ಕಿನಲ್ಲಿ ಕುರಿಗಾಹಿಯ ಪಾಲು ಎಷ್ಟು?

ಈ ಸಲ ಒಂದು ಪದ ಅರ್ಥ ಮಾಡ್ಕೊಳ್ಳೋಣ: ಹವಾಮಾನ ನ್ಯಾಯ. ಕಲ್ಲಿದ್ದಲು, ಪೆಟ್ರೋಲ್ ಸುಟ್ಟು ಭೂಮಿ ಬಿಸಿ ಮಾಡಿದವರು ಒಬ್ಬರು, ಬರ ಅನುಭವಿಸೋರು ಇನ್ನೊಬ್ಬರು ಆದರೆ ಅದು ಅನ್ಯಾಯ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇದಕ್ಕೆ ನಾವು ಹುಡುಕೋ ಪರಿಹಾರದ ಭಾರ ಯಾರ ಮೇಲೆ ಬೀಳುತ್ತೆ ಅನ್ನೋದೂ ನ್ಯಾಯದ ಪ್ರಶ್ನೆಯೇ. ಉದಾಹರಣೆ ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ.

ಪಾವಗಡದ ಲೆಕ್ಕ

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್ ಇದೆ. ಸಾಮರ್ಥ್ಯ 2,050 ಮೆಗಾವ್ಯಾಟ್. ಮೊದಲ ಹಂತ 2018ರಲ್ಲಿ ಉದ್ಘಾಟನೆ ಆಯ್ತು. ಇಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕಡಿಮೆ ಇರುವ ಊರಿನ ಜಮೀನುದಾರರಿಗೆ ಇದು ಒಳ್ಳೆಯದೇ.

ಆದರೆ ಆ ದುಡ್ಡು ಬರೋದು ಪಹಣಿಯಲ್ಲಿ ಹೆಸರು ಇದ್ದವರಿಗೆ. ಕುರಿ ಮೇಯಿಸುವವರಲ್ಲಿ ಹಲವರಿಗೆ ಸ್ವಂತ ಜಮೀನಿಲ್ಲ. ಅವರ ಕುರಿಗಳು ಮೇಯುತ್ತಿದ್ದದ್ದು ಶೇಂಗಾ ಕಿತ್ತ ಹೊಲಗಳಲ್ಲಿ, ಬೀಳು ಬಿಟ್ಟ ಜಾಗದಲ್ಲಿ. ಕೊಯ್ಲಾದ ಮೇಲೆ ಹೊಲಕ್ಕೆ ಕುರಿ ಬಿಡುವುದು ಹಳೇ ರೂಢಿ: ಕುರಿಗೆ ಮೇವು, ಹೊಲಕ್ಕೆ ಗೊಬ್ಬರ. ಇದಕ್ಕೆ ಯಾವ ಕಾಗದವೂ ಇರಲ್ಲ. ಹಾಗಾಗಿ ಬೇಲಿ ಬಂದಾಗ ಪರಿಹಾರವೂ ಇಲ್ಲ. ಮೇವಿಗೆ ಜಾಗ ಇಲ್ಲದೆ ಕುರಿ ಮಾರಿದ ಕುಟುಂಬಗಳಿವೆ.

ಕುರಿಯೂ ಮೀಥೇನ್ ಬಿಡುತ್ತಲ್ವಾ?

ಬಿಡುತ್ತೆ. 100 ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತೆ. ಆದರೆ ಅದು ವಾತಾವರಣದಲ್ಲಿ ಇರೋದು ಸುಮಾರು 12 ವರ್ಷ. ಕಲ್ಲಿದ್ದಲಿನ ಹೊಗೆಯ ಕಾರ್ಬನ್ ನೂರಾರು ವರ್ಷ ಉಳಿಯುತ್ತೆ. ಕಾಲ್ನಡಿಗೆಯಲ್ಲಿ ಕುರಿ ಮೇಯಿಸುವವರ ಪಾಲನ್ನು ದೊಡ್ಡ ಕಾರ್ಖಾನೆಗಳ ಪಾಲಿನ ಜೊತೆ ಒಂದೇ ತಕ್ಕಡಿಯಲ್ಲಿ ತೂಗಕ್ಕಾಗಲ್ಲ.

ಎಂಜಿನಿಯರ್ ಏನು ಮಾಡಬಹುದು?

1. ಸೈಟ್ ಸರ್ವೆಯಲ್ಲಿ ಮಾಲೀಕರ ಹೆಸರಿನ ಪಕ್ಕ ಇನ್ನೊಂದು ಕಾಲಂ ಇರಲಿ: ಈ ಜಾಗವನ್ನು ಯಾರು, ಯಾವ ತಿಂಗಳು ಬಳಸುತ್ತಾರೆ?

2. ಪ್ಯಾನೆಲ್ ಕೆಳಗೇ ಕುರಿ ಮೇಯಲಿ. ಅಮೆರಿಕ, ಆಸ್ಟ್ರೇಲಿಯಾದ ಹಲವು ಸೋಲಾರ್ ಫಾರ್ಮ್‌ಗಳಲ್ಲಿ ಹೀಗೇ ಮಾಡ್ತಾರೆ. ಹುಲ್ಲು ಕತ್ತರಿಸೋ ಖರ್ಚೂ ಉಳಿಯುತ್ತೆ. ಪ್ಯಾನೆಲ್‌ನ ಕೆಳ ಅಂಚು ಕುರಿಗೆ ತಾಗದಷ್ಟು ಎತ್ತರ ಇರಬೇಕು, ಕೇಬಲ್ ಪೈಪಿನೊಳಗೆ ಇರಬೇಕು. ಮೇಕೆ ಮಾತ್ರ ಬೇಡ: ಹತ್ತುತ್ತೆ, ವೈರ್ ಕಡಿಯುತ್ತೆ.

3. ಬೇಲಿಗಳ ನಡುವೆ ಕುರಿ ಮಂದೆ ದಾಟುವಷ್ಟು ದಾರಿ, ಕುಡಿಯುವ ನೀರಿನ ತೊಟ್ಟಿ ಪ್ಲಾನ್‌ನಲ್ಲೇ ಇರಲಿ.

ಜಮೀನಿನ ಒಡೆತನ ಇಲ್ಲದವರಿಗೆ ಮೇಯಿಸುವ ಹಕ್ಕು ಅನ್ನೋದು ಹೊಸ ಯೋಚನೆ ಏನಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲಿ ಅಲೆಮಾರಿ ಪಶುಪಾಲಕರಿಗೂ ಈ ಹಕ್ಕು ಇದೆ ಅಂತ ಒಪ್ಪಿದೆ. ಬಯಲುಸೀಮೆಯ ಬೀಳು ಭೂಮಿಗೂ ಅಂಥ ಲೆಕ್ಕ ಬೇಕು.

ನಾಳೆ ಇಂಥ ಪಾರ್ಕುಗಳನ್ನು ಡಿಸೈನ್ ಮಾಡೋರು ನಾವೇ. ಪ್ರಾಜೆಕ್ಟ್ ರಿಪೋರ್ಟಲ್ಲಿ 'ಖಾಲಿ ಜಾಗ' ಅಂತ ಬರೆಯೋ ಮುಂಚೆ, ಅಲ್ಲಿ ಕುರಿ ಹಿಕ್ಕೆ ಬಿದ್ದಿದೆಯಾ ಅಂತ ಒಮ್ಮೆ ನೋಡೋಣ.