ಸಿಂಕಿನ ವಾಸನೆಗೆ ಅಡ್ಡ ನಿಲ್ಲುವ ನೀರು

ಸೇಲಂನ ಕನ್ನಡ ಮಾತಾಡುವ ನೇಕಾರರ ಮನೆಯಲ್ಲಿ ಬೆಳೆದ ನನಗೆ ಹುಳಿತ ಗಂಜಿಯ ವಾಸನೆ ಚಿಕ್ಕಂದಿನಿಂದಲೇ ಗೊತ್ತು. ಹಾಸಿನ ನೂಲಿಗೆ ಹಚ್ಚಿ ಮಿಕ್ಕ ಗಂಜಿಯನ್ನು ಅಜ್ಜಿ ಸಂಜೆಯೊಳಗೆ ಹೊರಗೆ ಚೆಲ್ಲಿಸುತ್ತಿದ್ದರು. ಪಾತ್ರೆಯಲ್ಲೇ ಬಿಟ್ಟರೆ ಮರುದಿನ ಮೂಗು ಮುಚ್ಚಿಕೊಳ್ಳಬೇಕಿತ್ತು. ಆತ್ತೂರಿನ ದಾರಿಯಲ್ಲಿ ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಕಾರ್ಖಾನೆಗಳ ಪಕ್ಕದಲ್ಲಿ ಬಸ್ಸು ಹೋಗುವಾಗ ಮೂಗಿಗೆ ಬಡಿಯುವುದೂ ಅದೇ ಜಾತಿಯ ವಾಸನೆ. ಪಿಷ್ಟ ಬೆರೆತ ನೀರು ಗಾಳಿಯಾಡದ ಕಡೆ ನಿಂತರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತವೆ. ಅಡುಗೆಮನೆಯ ಸಿಂಕಿನ ಪೈಪಿನೊಳಗೆ ನಡೆಯುವುದೂ ಇದೇ.

ಹಿಂದೆ ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ತಟ್ಟೆಯ ಮುಸುರೆ ಎಲ್ಲವೂ ಹಿತ್ತಿಲಿನ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು. ಅಲ್ಲಿಂದ ಹಸುವಿನ ಹೊಟ್ಟೆಗೆ. ಈಗ ಬಾನಿಯೂ ಇಲ್ಲ, ಹಸುವೂ ಇಲ್ಲ. ಆ ಪಿಷ್ಟ, ಎಣ್ಣೆ, ಜಿಡ್ಡು ಎಲ್ಲ ಒಂದೂವರೆ ಇಂಚಿನ ಪೈಪಿಗೆ ಇಳಿಯುತ್ತದೆ. ಪೈಪಿನ ಒಳಗೋಡೆಗೆ ಅಂಟಿ ಲೋಳೆಯಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಆ ಲೋಳೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲದ್ದು.

ನಮ್ಮ ಮನೆಯಲ್ಲಿ ವಾಸನೆ ಹಟ ಹಿಡಿದಾಗ ನಾನು ಕಲಿತ ಮೊದಲ ಪಾಠ: ತೊಳೆಯುವ ಮುಂಚೆ ಹುಡುಕಬೇಕು. ನಲ್ಲಿಯ ನೀರನ್ನು ಲೋಟದಲ್ಲಿ ಹಿಡಿದು, ಅಂಗಳಕ್ಕೆ ಒಯ್ದು ಮೂಸಿ ನೋಡಿ. ನೀರೇ ನಾರಿದರೆ ತಪ್ಪು ಬೋರ್‌ವೆಲ್ಲಿನದೋ ಟ್ಯಾಂಕಿನದೋ ಆಗಿರುತ್ತದೆ. ನೀರು ಚೆನ್ನಾಗಿದ್ದರೆ ರಾತ್ರಿ ಪಾತ್ರೆ ತೊಳೆದಾದ ಮೇಲೆ ಸಿಂಕಿನ ತೂತಿಗೆ ಒದ್ದೆ ಬಟ್ಟೆ ಒತ್ತಿಡಿ. ಬೆಳಿಗ್ಗೆ ವಾಸನೆ ಇಲ್ಲದಿದ್ದರೆ ಅದು ಬರುತ್ತಿದ್ದುದು ಪೈಪಿನಿಂದ. ಇದ್ದರೆ ಸಿಂಕಿನ ಕೆಳಗೆ ಬಗ್ಗಿ, ಪೈಪು ಗೋಡೆಯನ್ನೋ ನೆಲವನ್ನೋ ಸೇರುವ ಕಡೆ ಮೂಸಿ. ಪಾತ್ರೆ ತಿಕ್ಕುವ ಸ್ಪಂಜನ್ನೂ ಮರೆಯಬೇಡಿ.

ನಮ್ಮಲ್ಲಿ ಕಾರಣ ಸಿಕ್ಕಿದ್ದು ಆ ಕೆಳಗಿನ ಜಾಗದಲ್ಲೇ. ಸಿಂಕಿನಿಂದ ಇಳಿದ ಸುಕ್ಕುಸುಕ್ಕಿನ ಪ್ಲಾಸ್ಟಿಕ್ ಹೋಸು ನೇರವಾಗಿ ಮೋರಿಯ ಪೈಪಿನೊಳಗೆ ತೂರಿತ್ತು. ಸುತ್ತಲೂ ಬೆರಳು ಹೋಗುವಷ್ಟು ಸಂದು. ಪ್ಲಂಬರ್ ನೋಡಿದವರೇ, “ಅಕ್ಕಾ, ಈ ಪೈಪಿಗೆ ಬಾಗಿಲೇ ಇಲ್ಲವಲ್ಲ” ಎಂದರು. ಆ ಬಾಗಿಲು ಎಂದರೆ ನೀರು. ಪೈಪನ್ನು ಬಾಗಿಸಿಯೋ ಬಾಟಲ್ ಟ್ರ್ಯಾಪ್ ಹಾಕಿಯೋ ಸುಮಾರು 50 ಮಿಲಿಮೀಟರ್ ಆಳದ ನೀರು ಸದಾ ನಿಲ್ಲುವಂತೆ ಮಾಡಿದರೆ ಮೋರಿಯ ಗಾಳಿ ಅದನ್ನು ದಾಟಿ ಮನೆಯೊಳಗೆ ಬರಲಾರದು. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಇಂಥ ಬಾಗಿದ ಪೈಪಿನ ಶೌಚಾಲಯಕ್ಕೆ ಪೇಟೆಂಟ್ ಪಡೆದ. ಇಂದಿಗೂ ಇದಕ್ಕಿಂತ ಸರಳವಾದ ಉಪಾಯ ಬಂದಿಲ್ಲ. ಬಾಟಲ್ ಟ್ರ್ಯಾಪ್ ಹಾಕಿಸಿ, ಸಂದಿಗೆ ರಬ್ಬರ್ ಬಿರಡೆ ಕೂರಿಸಿದ ಮೇಲೆ ವಾಸನೆ ನಿಂತಿತು.

ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಹೋದರೆ ಟ್ರ್ಯಾಪಿನ ನೀರು ಆರಿಹೋಗುತ್ತದೆ. ನಮ್ಮ ಕಡೆಯ ಬಿಸಿಲಿಗೆ ಅದು ಬೇಗ ಆಗುತ್ತದೆ. ಊರಿಂದ ಬಂದೊಡನೆ ಪ್ರತಿ ಸಿಂಕಿಗೂ ಬಚ್ಚಲಿಗೂ ಒಂದೊಂದು ಚೊಂಬು ನೀರು ಸುರಿಯಿರಿ. ನೆಂಟರು ಬಂದಾಗ ಮಾತ್ರ ಬಳಸುವ ವಾಶ್‌ಬೇಸಿನ್ನಿಗೆ ವಾರಕ್ಕೊಮ್ಮೆ ಹೀಗೆ ಮಾಡಿದರೆ ಸಾಕು.

ಲೋಳೆಯನ್ನು ತೆಗೆಯಲು ಕೈಕೆಲಸವೇ ಬೇಕು. ಕೆಳಗೆ ಬಕೆಟ್ ಇಟ್ಟು ಟ್ರ್ಯಾಪಿನ ಬಟ್ಟಲನ್ನು ತಿರುಗಿಸಿ ಬಿಚ್ಚಿ. ಬಾಟಲಿ ತೊಳೆಯುವ ಬ್ರಷ್ಷಿನಿಂದ ಬಟ್ಟಲು, ಜಾಲರಿ, ಸಿಂಕಿನ ಮೇಲಂಚಿನ ತೂತು ಮೂರನ್ನೂ ಸೋಪಿನ ನೀರಿನಲ್ಲಿ ಉಜ್ಜಿ. ಅಡುಗೆ ಸೋಡಾ ಮತ್ತು ವಿನೆಗರ್ ಸುರಿದರೆ ನೊರೆ ಚೆನ್ನಾಗಿ ಬರುತ್ತದೆ. ಆದರೆ ಅವೆರಡೂ ಒಂದರ ಬಲವನ್ನೊಂದು ಕಳೆಯುತ್ತವೆ, ದಪ್ಪ ಜಿಡ್ಡು ಇದ್ದಲ್ಲೇ ಇರುತ್ತದೆ. ಕುದಿಯುವ ನೀರು ಸುರಿದರೆ ಪಿವಿಸಿ ಪೈಪು ಮೆತ್ತಗಾಗುತ್ತದೆ. ಕೈ ತಾಳುವಷ್ಟು ಬಿಸಿ ಸಾಕು. ನಾಫ್ತಲೀನ್ ಗುಳಿಗೆ ವಾಸನೆಯ ಮೇಲೆ ಇನ್ನೊಂದು ವಾಸನೆಯನ್ನು ಹೊದಿಸುತ್ತದೆ ಅಷ್ಟೆ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಅಪಾಯ. ಶೌಚಾಲಯದ ಆ್ಯಸಿಡ್ಡನ್ನು ಸಿಂಕಿನ ಹತ್ತಿರವೂ ತರಬೇಡಿ. ಸೇಲಂ ಕಾರ್ಖಾನೆಯ ಸ್ಟೇನ್‌ಲೆಸ್ ಸ್ಟೀಲೇ ಆದರೂ ಅದು ಗುಳಿ ಕೊರೆಯುತ್ತದೆ. ಅದರ ಜೊತೆ ಬ್ಲೀಚಿಂಗ್ ಪುಡಿ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಅದು ಶ್ವಾಸಕೋಶವನ್ನು ಸುಡುತ್ತದೆ.

ಧರ್ಮಪುರಿಯ ಅಕ್ಕನ ಮನೆಯಲ್ಲಿ ಕಷ್ಟ ಬೇರೆ ಬಗೆಯದು. ಆ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು, 2013ರಲ್ಲಿ ಉದ್ಘಾಟನೆಯಾಯಿತು. ಕುಡಿಯಲು ಕಾವೇರಿ ಇದ್ದರೂ ಅಕ್ಕನ ಮನೆಯಲ್ಲಿ ಪಾತ್ರೆ ತೊಳೆಯುವುದು ಬೋರಿನ ಗಡಸು ನೀರಿನಲ್ಲಿ. ವಾಸನೆಗೆ ಫ್ಲೋರೈಡ್ ಕಾರಣವಲ್ಲ. ಗಡಸು ನೀರಿನ ಸುಣ್ಣ ಜಾಲರಿಗೂ ಪೈಪಿಗೂ ಕಟ್ಟಿ, ಆ ಒರಟಿನ ಮೇಲೆ ರಾಗಿಹಿಟ್ಟು ಸುಲಭವಾಗಿ ಹಿಡಿದುಕೊಳ್ಳುತ್ತದೆ. ಅಕ್ಕ ಹುಣಸೆಹಣ್ಣಿನಿಂದ ಜಾಲರಿ ತಿಕ್ಕಿ ಸುಣ್ಣ ಬಿಡಿಸುತ್ತಾರೆ. ಮುದ್ದೆಯ ಪಾತ್ರೆಯನ್ನು ನೆನೆಹಾಕಿ, ಹೆರೆದು, ಆ ಗಂಜಿಯನ್ನು ಪಕ್ಕದ ಮನೆಯ ಎಮ್ಮೆಗೆ ಕೊಟ್ಟ ಮೇಲೆಯೇ ಸಿಂಕಿಗೆ ಇಳಿಸುತ್ತಾರೆ. ಅವರ ಸಿಂಕು ನಾರುವುದಿಲ್ಲ. ಎಮ್ಮೆ ಇಲ್ಲದ ನಾವು ಆ ಗಂಜಿಯನ್ನು ಗಿಡದ ಬುಡಕ್ಕೆ ಹಾಕಬಹುದು, ಎಣ್ಣೆಯ ಬಾಣಲೆಯನ್ನು ಕಾಗದದಿಂದ ಒರೆಸಿ ತೊಳೆಯಬಹುದು.

ಇಷ್ಟೆಲ್ಲ ಮಾಡಿದರೂ ವಾಸನೆ ಹೋಗದೆ, ಮನೆಯ ಎಲ್ಲ ಕಿಂಡಿಗಳಿಂದ ಒಟ್ಟಿಗೇ ಗುಳುಗುಳು ಸದ್ದು ಬಂದರೆ ಕಟ್ಟಿಕೊಂಡಿರುವುದು ಹೊರಗಿನ ಗುಂಡಿ. ಇಲ್ಲಿ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಸಿಂಕಿನ ಬಳಿ ನಮಗೆ ಬರೀ ಕಿರಿಕಿರಿಯಾಗುವ ಅದೇ ಹೈಡ್ರೋಜನ್ ಸಲ್ಫೈಡ್ ಮುಚ್ಚಿದ ಗುಂಡಿಯಲ್ಲಿ ದಟ್ಟವಾಗಿರುತ್ತದೆ. ಅಲ್ಲಿ ಅದು ಮೂಗಿನ ಶಕ್ತಿಯನ್ನೇ ಕಳೆದು, ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತದೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಅಲ್ಲಿ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಎಷ್ಟು ಅವಸರವಿದ್ದರೂ, ಯಾರು ಒಪ್ಪಿದರೂ, ಗುಂಡಿಗೆ ಯಾರನ್ನೂ ಇಳಿಸಬೇಡಿ. ಯಂತ್ರದ ಗಾಡಿಯನ್ನೇ ಕರೆಸಿ.