ಹೋರಿಯು ಎತ್ತಾಗುವ ಬಗೆ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯವರಿಗೆ ಅಮೃತಮಹಲ್ ದನಗಳ ಪರಿಚಯವನ್ನು ಹೇಳಬೇಕಾದುದಿಲ್ಲ. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನನು ಈ ಹೆಸರನ್ನಿಟ್ಟನು. ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನ ಕೇಂದ್ರವಿದೆ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಹೋರಿಗೆ ಬೀಜ ಒಡೆಸಿದರು. ಹಗ್ಗ ಹಿಡಿದವರಲ್ಲಿ ನಾನೂ ಒಬ್ಬ. ಅದರ ಕೂಗು ಇನ್ನೂ ಕಿವಿಯಲ್ಲಿದೆ. ಕೆಲವು ತಿಂಗಳಲ್ಲಿ, ಹಾಯಲು ಬರುತ್ತಿದ್ದ ಹೋರಿ ನೊಗಕ್ಕೆ ಕೊರಳೊಡ್ಡಿತು. "ಬೀಜ ಹೋದರೂ ಅದು ಹಸುವಾಗಲಿಲ್ಲವಲ್ಲ, ಯಾಕಪ್ಪಾ?" ಎಂದೆ. ಅಕ್ಷರ ಕಲಿಯದ ನಮ್ಮ ತಂದೆ, "ನೀನೇ ಓದಿ ನನಗೆ ಹೇಳು ಮಗಾ" ಎಂದರು. ನಾನು ಕಲಾ ವಿದ್ಯಾರ್ಥಿ. ಆದರೂ ಆ ಸಾಲವನ್ನು ತೀರಿಸಬೇಕಲ್ಲವೇ?

1849ರಲ್ಲಿ ಜರ್ಮನಿಯ ಬರ್ತೋಲ್ಡ್ ಎಂಬ ವಿದ್ವಾಂಸರು, ಬೀಜ ತೆಗೆದ ಹುಂಜದ ಹೊಟ್ಟೆಯೊಳಗೆ ಬೀಜವನ್ನು ಮತ್ತೆ ನೆಟ್ಟರೆ ಅದರ ಜುಟ್ಟು ಮೊದಲಿನಂತೆಯೇ ಬೆಳೆಯುವುದೆಂದು ತೋರಿಸಿದರು. ಅಂದರೆ ವೃಷಣದಿಂದ ಯಾವುದೋ ರಸವು ರಕ್ತಕ್ಕೆ ಸೇರುತ್ತದೆ. 1935ರಲ್ಲಿ ಆಂಸ್ಟರ್‌ಡ್ಯಾಮಿನ ಲಾಕರ್ ತಂಡದವರು ಹೋರಿಯ ವೃಷಣದಿಂದಲೇ ಆ ರಸವನ್ನು ಬೇರ್ಪಡಿಸಿದರು. ಅದೇ ಟೆಸ್ಟೊಸ್ಟಿರೋನ್.

ಇದರ ಮೂಲವಸ್ತು ಕೊಲೆಸ್ಟಿರಾಲ್. ಕಿಣ್ವಗಳೆಂಬ ಕೆಲಸಗಾರರು ಅದನ್ನು ಹಂತಹಂತವಾಗಿ ಮಾರ್ಪಡಿಸುತ್ತಾರೆ. ಮೊದಲನೆಯ ಕಿಣ್ವವು ವೃಷಣದ ಲೈಡಿಗ್ ಕೋಶಗಳ ಮೈಟೊಕಾಂಡ್ರಿಯದೊಳಗೆ ಕುಳಿತು ಕೊಲೆಸ್ಟಿರಾಲಿನ ಬಾಲವನ್ನು ಕತ್ತರಿಸುತ್ತದೆ. ಉಳಿದ ಕೆಲಸ ಬಹುಮಟ್ಟಿಗೆ ಕೋಶದ ಒಳಜಾಲದಲ್ಲಿ ನಡೆಯುತ್ತದೆ.

ಬೆಳೆಯುವ ಪಿಂಡದಲ್ಲಿ ಇನ್ನೊಂದು ವೈಚಿತ್ರ್ಯವುಂಟು. ಸುಂಡಿಲಿಯ ಗರ್ಭಸ್ಥ ಮರಿಯಲ್ಲಿ ಲೈಡಿಗ್ ಕೋಶಗಳಿಗೆ ಕೊನೆಯ ಕಿಣ್ವವಿಲ್ಲ. ಅವು ಆಂಡ್ರೋಸ್ಟಿನಿಡಯೋನ್‌ವರೆಗೆ ಮಾತ್ರ ತಯಾರಿಸುತ್ತವೆ. ನೆರೆಯ ಸೆರ್ಟೋಲಿ ಕೋಶಗಳು ಅದನ್ನು ಪಡೆದು ಟೆಸ್ಟೊಸ್ಟಿರೋನ್ ಮಾಡಿ ಮುಗಿಸುತ್ತವೆ. ಪ್ರಾಯದಲ್ಲಾದರೋ ಹೊಸ ಲೈಡಿಗ್ ಕೋಶಗಳೇ ಪೂರ್ತಿ ಕೆಲಸ ಮಾಡುತ್ತವೆ. ಎಲ್ಲ ಪ್ರಾಣಿಗಳಲ್ಲಿಯೂ ಹೀಗೆಯೇ ಎಂದು ತಿಳಿಯಬಾರದು. ಮನುಷ್ಯರ ಪಿಂಡದಲ್ಲಿ ಲೈಡಿಗ್ ಕೋಶಗಳಲ್ಲಿಯೂ ಆ ಕಿಣ್ವವಿದೆ.

ಈಗ ತಂದೆಯವರ ಪ್ರಶ್ನೆಗೆ ಬರೋಣ. ಗಂಡಿನ ಅಂಗರಚನೆಯನ್ನು ಈ ರಸವು ತಾಯಿಯ ಗರ್ಭದಲ್ಲಿಯೇ ಕಟ್ಟಿ ಮುಗಿಸಿರುತ್ತದೆ. ಕಟ್ಟಿದ ಮೇಸ್ತ್ರಿ ಹೊರಟುಹೋದರೆ ಮನೆ ಬೀಳುವುದಿಲ್ಲ. ಆದರೆ ಪ್ರಾಯದ ಸೊಕ್ಕು, ದಪ್ಪ ಕೊರಳು, ಉಬ್ಬಿದ ಹಿಣಿಲು ಇವುಗಳಿಗೆ ರಸವು ದಿನದಿನವೂ ಬೇಕು. ಬೀಜ ಹೋದ ಮೇಲೆ ಅವು ಕುಂದುತ್ತವೆ. ಆದುದರಿಂದ ಹೋರಿ ಹಸುವಾಗದು, ಎತ್ತಾಗುತ್ತದೆ.

ಇದನ್ನು ಮನೆಯಲ್ಲಿ ಹೇಳಿದಾಗ ತಂದೆ ಬಹಳ ಹೊತ್ತು ಸುಮ್ಮನಿದ್ದು, "ಅದಕ್ಕೆ ಅಷ್ಟು ನೋಯಿಸಬೇಕಾಗಿತ್ತೇ?" ಎಂದರು. ಬೇಕಿರಲಿಲ್ಲ. ಮರಗಟ್ಟಿಸುವ ಮದ್ದು ಕೊಟ್ಟು, ರಕ್ತ ಹರಿಯದಂತೆ ಇಕ್ಕಳದಿಂದ ಈ ಕೆಲಸವನ್ನು ಪಶುವೈದ್ಯರು ಮಾಡಬಲ್ಲರು. ಓದಿದ ನಾವು ಊರಿಗೆ ಹೋದಾಗ ಇಷ್ಟನ್ನಾದರೂ ತಿಳಿಸೋಣ.